ಪ್ಲಾಸ್ಟಿಕ್ ಹುಲ್ಲೋ, ಲಾನೋ, ಗರಿಕೆಯೋ: ಮನೆಯಂಗಳಕ್ಕೆ ಹಾಸುವ ಮುನ್ನ

ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿ ಮುಗಿಸಿ, ಬಣ್ಣ ಬಳಿಸಿ, ಗೇಟು ನಿಲ್ಲಿಸಿದ ಮೇಲೆ ಕಾಂಪೌಂಡಿನೊಳಗೆ ಮುನ್ನೂರರಿಂದ ಐನೂರು ಚದರ ಅಡಿ ಜಾಗ ಉಳಿದಿರುತ್ತದೆ. ಅದನ್ನು ಏನು ಮಾಡುವುದೆಂಬ ಪ್ರಶ್ನೆಗೆ ಈಗ ಎರಡು–ಮೂರು ದಿನಗಳಲ್ಲೇ ಉತ್ತರ ಸಿಗುತ್ತದೆ: ಕೆಲಸದವರು ಬಂದು ನೆಲವನ್ನು ದಮ್ಮಸ್ಸು ಮಾಡಿ, ಜಲ್ಲಿಪುಡಿ ಹರಡಿ, ಪ್ಲಾಸ್ಟಿಕ್ ಹುಲ್ಲಿನ ಸುರುಳಿಗಳನ್ನು ಬಿಚ್ಚಿ ಅಂಟಿಸಿ ಹೋಗುತ್ತಾರೆ. ವರ್ಷದ ಹನ್ನೆರಡು ತಿಂಗಳೂ ಹಸಿರು, ನೀರು ಬೇಡ, ಗೊಬ್ಬರ ಬೇಡ, ಮಾಲಿ ಬೇಡ ಎನ್ನುವುದು ಮಾರುವವರ ವಾದ. ಈ ವಾದ ಸುಳ್ಳೇನಲ್ಲ, ಆದರೆ ಅದರಲ್ಲಿ ಹೋಲಿಕೆಯ ಆಯ್ಕೆ ಜಾಣತನದ್ದು. ಪ್ಲಾಸ್ಟಿಕ್ ಹುಲ್ಲನ್ನು ಅವರು ಯಾವಾಗಲೂ ದಿನವೂ ನೀರು ಬೇಡುವ ರೆಸಾರ್ಟ್ ಲಾನಿನ ಪಕ್ಕದಲ್ಲಿಟ್ಟು ತೋರಿಸುತ್ತಾರೆಯೇ ಹೊರತು, ಹೊಲದ ಬದುವಿನಲ್ಲಿ ಯಾರೂ ನೆಡದೆ ಹಬ್ಬುವ ಗರಿಕೆಯ ಪಕ್ಕದಲ್ಲಾಗಲಿ, ಹುಲ್ಲೇ ಇಲ್ಲದ ನೆರಳಿನ ಅಂಗಳದ ಪಕ್ಕದಲ್ಲಾಗಲಿ ಇಟ್ಟು ತೋರಿಸುವುದಿಲ್ಲ. ಆದ್ದರಿಂದ ಇಲ್ಲಿ ಈ ನಾಲ್ಕನ್ನೂ ಒಟ್ಟಿಗೆ ತೂಗಲಾಗಿದೆ. ಲೆಕ್ಕದ ಅನುಕೂಲಕ್ಕಾಗಿ ಜಾಗವನ್ನು ಐನೂರು ಚದರ ಅಡಿ, ಅಂದರೆ ಸುಮಾರು 46 ಚದರ ಮೀಟರ್ ಎಂದು ಇಟ್ಟುಕೊಳ್ಳೋಣ.

ನನ್ನ ಅಭಿಪ್ರಾಯದಲ್ಲಿ ಈ ಆಯ್ಕೆಯನ್ನು ನಿರ್ಧರಿಸಬೇಕಾದ ಮೊದಲ ಪ್ರಶ್ನೆ ನೀರಿನದಲ್ಲ. ಹಾಸಬೇಕೆಂದಿರುವ ಜಾಗದ ಕೆಳಗೆ ಮಣ್ಣಿದೆಯೋ ಕಾಂಕ್ರೀಟಿದೆಯೋ ಎಂಬುದು. ನೀರು, ಬಿಸಿಲು, ಖರ್ಚು, ಬಳಕೆ ಇವೆಲ್ಲ ಅದರ ನಂತರ ಬರುತ್ತವೆ.

ಚಾಪೆಯಲ್ಲಿ ಇರುವುದೇನು

ಮನೆಗಳಿಗೆ ಮಾರುವ ಕೃತಕ ಹುಲ್ಲಿನ ಎಳೆಗಳು ಬಹುಮಟ್ಟಿಗೆ ಪಾಲಿಎಥಿಲೀನಿನವು. ಬುಡದಲ್ಲಿ ಒಣಗಿದ ಹುಲ್ಲಿನಂತೆ ಕಾಣುವ ಕಂದು ಬಣ್ಣದ ಗುಂಗುರು ಎಳೆಗಳು ಸಾಮಾನ್ಯವಾಗಿ ಪಾಲಿಪ್ರೊಪಿಲೀನಿನವು. ಇವನ್ನು ಪಾಲಿಪ್ರೊಪಿಲೀನ್ ಬಟ್ಟೆಯೊಂದಕ್ಕೆ ಹೊಲಿದು, ಕಿತ್ತುಬರದಂತೆ ಹಿಂಬದಿಗೆ ಲ್ಯಾಟೆಕ್ಸ್ ಅಥವಾ ಪಾಲಿಯುರಿಥೇನ್ ಲೇಪ ಕೊಡುತ್ತಾರೆ, ನೀರು ಇಳಿಯಲೆಂದು ಅಲ್ಲಲ್ಲಿ ತೂತು ಕೊರೆಯುತ್ತಾರೆ. ಅಂಗಡಿಯಲ್ಲಿ 25, 35, 40 ಮಿಲಿಮೀಟರ್ ಎಂದು ಹೇಳುವುದು ಎಳೆಯ ಎತ್ತರವನ್ನು. ಆಟದ ಮೈದಾನಗಳಲ್ಲಿ ಎಳೆಗಳ ನಡುವೆ ಮರಳನ್ನೂ ಹಳೆಯ ಟೈರುಗಳನ್ನು ಅರೆದು ಮಾಡಿದ ರಬ್ಬರ್ ಕಾಳನ್ನೂ ತುಂಬುತ್ತಾರೆ. ಮನೆಗಳಲ್ಲಿ ಮರಳು ಮಾತ್ರ, ಎಷ್ಟೋ ಕಡೆ ಅದೂ ಇರುವುದಿಲ್ಲ.

ಈ ವಸ್ತು ಮೊದಲು ಹೆಸರು ಮಾಡಿದ ಸಂದರ್ಭ ಇಲ್ಲಿ ನೆನೆಯಲು ಯೋಗ್ಯವಾದದ್ದು. ಅಮೆರಿಕದ ಹೂಸ್ಟನ್‌ನಲ್ಲಿ 1965ರಲ್ಲಿ ತೆರೆದ ಆಸ್ಟ್ರೋಡೋಮ್ ಎಂಬ ಛಾವಣಿಯುಳ್ಳ ಕ್ರೀಡಾಂಗಣದೊಳಗೆ ಮೊದಲಿಗೆ ನಿಜವಾದ ಹುಲ್ಲನ್ನೇ ಬೆಳೆಸಿದ್ದರು. ಛಾವಣಿಯ ಪಾರದರ್ಶಕ ಹಲಗೆಗಳಿಂದ ಬರುವ ಪ್ರಖರ ಬೆಳಕಿನಲ್ಲಿ ಬೇಸ್‌ಬಾಲ್ ಆಟಗಾರರಿಗೆ ಮೇಲೆದ್ದ ಚೆಂಡು ಕಾಣದೆ, ಹಲಗೆಗಳಿಗೆ ಬಣ್ಣ ಬಳಿಯಬೇಕಾಯಿತು; ಬೆಳಕು ಕಡಿಮೆಯಾಗಿ ಹುಲ್ಲು ಸತ್ತುಹೋಯಿತು; 1966ರಲ್ಲಿ ಅಲ್ಲಿಗೆ ಮಾನ್ಸಾಂಟೊ ಕಂಪನಿಯ ಪ್ಲಾಸ್ಟಿಕ್ ಹುಲ್ಲು ಬಂತು, ಆಸ್ಟ್ರೋಟರ್ಫ್ ಎಂಬ ಹೆಸರೂ ಬಂತು. ಹುಲ್ಲು ಬೆಳೆಯಲಾರದ ಜಾಗಕ್ಕೆಂದು ಬಂದ ವಸ್ತುವನ್ನು ಈಗ ವರ್ಷಪೂರ್ತಿ ಬಿಸಿಲು ಬೀಳುವ, ಕೆಮ್ಮಣ್ಣಿನ ಸೈಟುಗಳ ಮೇಲೆ ಹಾಸುತ್ತಿದ್ದೇವೆ.

ನೀರಿನ ಲೆಕ್ಕ

ಪ್ಲಾಸ್ಟಿಕ್ ಹುಲ್ಲಿನ ಪರವಾಗಿರುವ ಅತಿ ಬಲವಾದ ಅಂಶ ಇದೇ ಆಗಿರುವುದರಿಂದ ಇದನ್ನು ಪ್ರಾಮಾಣಿಕವಾಗಿ ನೋಡಬೇಕು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್. ಬೆಂಗಳೂರಿನ ಏಪ್ರಿಲ್ ಬಿಸಿಲಿನಲ್ಲಿ ಹಚ್ಚಗೆ ಇಟ್ಟುಕೊಂಡ ಲಾನು ದಿನಕ್ಕೆ ಸುಮಾರು ನಾಲ್ಕು ಮಿಲಿಮೀಟರ್ ನೀರನ್ನು ಆವಿ ಮಾಡುತ್ತದೆ ಎಂದು ಹಿಡಿದರೆ, ನಮ್ಮ ಐನೂರು ಚದರ ಅಡಿಗೆ ದಿನಕ್ಕೆ 185 ಲೀಟರ್, ತಿಂಗಳಿಗೆ ಐದೂವರೆ ಸಾವಿರ ಲೀಟರ್ ಬೇಕು. ಅಂದರೆ ಬೇಸಿಗೆಯ ಪ್ರತಿ ತಿಂಗಳೂ ಹುಲ್ಲಿಗಾಗಿಯೇ ಹತ್ತಿರ ಹತ್ತಿರ ಒಂದು ಆರು ಸಾವಿರ ಲೀಟರಿನ ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಸಾಲಾಗಿ ಬತ್ತಿದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಮರುವರ್ಷದ ಬೇಸಿಗೆಯ ಹೊತ್ತಿಗೂ ಅದೇ ಆದೇಶ ಮತ್ತೆ ಹೊರಬಿತ್ತು. ಇಂಥ ಊರಿನಲ್ಲಿ ಕಾವೇರಿ ನೀರನ್ನೋ ಸಾವಿರ ಅಡಿಯಿಂದ ಎತ್ತಿದ ನೀರನ್ನೋ ಲಾನಿಗೆ ಸುರಿಯುವುದನ್ನು ಸಮರ್ಥಿಸುವುದು ಕಷ್ಟ.

ಆದರೆ ಈ ಲೆಕ್ಕ ನರ್ಸರಿಗಳಲ್ಲಿ ಮೆಕ್ಸಿಕನ್ ಗ್ರಾಸ್ ಎಂದು ಮಾರುವ, ದಟ್ಟವಾಗಿ ಮೆತ್ತೆಯಂತೆ ಕೂರುವ ಹುಲ್ಲನ್ನು ಸದಾ ಹಸಿರಾಗಿಡಲು ಹೊರಟವರದು. ಗರಿಕೆಯ ಸ್ವಭಾವವೇ ಬೇರೆ. ನೀರು ಸಿಗದಿದ್ದರೆ ಅದು ಸಾಯುವುದಿಲ್ಲ. ಎಲೆಗಳನ್ನು ಒಣಗಲು ಬಿಟ್ಟು, ನೆಲದಡಿಯ ಕಾಂಡಗಳಲ್ಲಿ ಜೀವ ಹಿಡಿದುಕೊಂಡು, ಏಪ್ರಿಲ್–ಮೇ ತಿಂಗಳಿನ ಮೊದಲ ಮಳೆಗೆ ಒಂದು ವಾರದೊಳಗೆ ಚಿಗುರುತ್ತದೆ. ಗಣಪತಿಗೆ ಏರಿಸುವ ಈ ಹುಲ್ಲೇ ಬರ್ಮುಡಾ ಎಂಬ ಹೆಸರಿನಲ್ಲಿ ಉಷ್ಣವಲಯದ ಗಾಲ್ಫ್ ಮೈದಾನಗಳನ್ನೂ ಕ್ರಿಕೆಟ್ ಮೈದಾನಗಳನ್ನೂ ಹೊದ್ದಿದೆ. ವಾರಕ್ಕೊಮ್ಮೆ ನೀರು ಕೊಟ್ಟರೆ ಮಾಸಲು ಹಸಿರಾಗಿ ನಿಲ್ಲುತ್ತದೆ, ಕೊಡದಿದ್ದರೆ ಎರಡು–ಮೂರು ತಿಂಗಳು ಹುಲ್ಲುಗಂದು ಬಣ್ಣದಲ್ಲಿರುತ್ತದೆ. ಆ ಬಣ್ಣವನ್ನು ಸಹಿಸಿಕೊಳ್ಳಬಲ್ಲಿರಾ ಎಂಬುದು ನಿಜವಾದ ಪ್ರಶ್ನೆ. ಸಹಿಸಿಕೊಳ್ಳಬಲ್ಲವರಿಗೆ ಪ್ಲಾಸ್ಟಿಕ್ ಹುಲ್ಲಿನ ನೀರಿನ ಉಳಿತಾಯ ಎಂಬ ವಾದ ಅಲ್ಲಿಗೆ ಮುಗಿಯಿತು.

ಅಪಾರ್ಟ್‌ಮೆಂಟುಗಳ ವಿಷಯ ಇನ್ನೊಂದು ಬಗೆಯದು. ಎಸ್‌ಟಿಪಿ (ಕೊಳಚೆನೀರು ಸಂಸ್ಕರಣಾ ಘಟಕ) ಇರುವ ಸಮುಚ್ಚಯಗಳಲ್ಲಿ ಸಂಸ್ಕರಿಸಿದ ನೀರು ಖರ್ಚಾಗದೆ ಚರಂಡಿಗೆ ಹೋಗುತ್ತಿರುವುದೇ ಹೆಚ್ಚು. ಅಂಥಲ್ಲಿ ಲಾನು ನೀರು ಕುಡಿಯುತ್ತದೆ ಎಂಬ ದೂರಿಗೆ ಅರ್ಥವಿಲ್ಲ. ಅದು ಕುಡಿಯುವುದೇ ಒಳ್ಳೆಯದು.

ಪ್ಲಾಸ್ಟಿಕ್ ಹುಲ್ಲಿಗೆ ನೀರೇ ಬೇಡ ಎನ್ನುವುದೂ ಪೂರ್ತಿ ನಿಜವಲ್ಲ. ಬೆಂಗಳೂರಿನ ಧೂಳು ಅದರ ಮೇಲೆ ಕೂರುತ್ತದೆ, ಎಲೆ ಬಿದ್ದು ಕೊಳೆಯುತ್ತದೆ, ನಾಯಿ ಸಾಕಿದ ಮನೆಯಾದರೆ ಮೂತ್ರದ ವಾಸನೆ ಬುಡದಲ್ಲಿ ನಿಲ್ಲುತ್ತದೆ. ತಿಂಗಳಿಗೆ ಎರಡು ಬಾರಿಯಾದರೂ ಪೈಪು ಹಿಡಿದು ತೊಳೆಯದಿದ್ದರೆ ಅದರ ಮೇಲೆ ಬರಿಗಾಲಿನಲ್ಲಿ ನಡೆಯುವ ಮನಸ್ಸಾಗುವುದಿಲ್ಲ.

ಮಧ್ಯಾಹ್ನದ ಬಿಸಿ

ಬಿಸಿಲಿನ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.68 ಯುನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ಮೇಲೆ ಲೆಕ್ಕ ಹಾಕಿದ 185 ಲೀಟರ್ ನೀರು ಲಾನಿನಿಂದ ಆವಿಯಾಗುವಾಗ ದಿನವೊಂದಕ್ಕೆ 125 ಯುನಿಟ್ಟಿನಷ್ಟು ಶಾಖವನ್ನು ಅಂಗಳದಿಂದ ಹೀರಿಕೊಂಡು ಹೋಗುತ್ತದೆ. ಪ್ಲಾಸ್ಟಿಕ್ ಎಳೆಗೆ ಈ ಉಪಾಯವಿಲ್ಲ. ಬಿದ್ದ ಬಿಸಿಲಿನ ಬಹುಪಾಲನ್ನು ಹೀರಿ ಕಾಯುತ್ತದೆ, ಕಾದು ಸುತ್ತಲಿನ ಗಾಳಿಗೆ, ಗೋಡೆಗೆ, ಕಿಟಕಿಗೆ ಆ ಕಾವನ್ನು ಹಿಂದಿರುಗಿಸುತ್ತದೆ.

ಅಮೆರಿಕದ ಯೂಟಾ ರಾಜ್ಯದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2002ರಲ್ಲಿ ತಮ್ಮ ಹೊಸ ಕೃತಕ ಹುಲ್ಲಿನ ಮೈದಾನವನ್ನು ಅಳೆದಾಗ ಕಂಡದ್ದು ಇದನ್ನು ಸ್ಪಷ್ಟಪಡಿಸುತ್ತದೆ. ಸುಮಾರು 79 ಡಿಗ್ರಿ ಸೆಲ್ಸಿಯಸ್‌ಗೆ ಕಾದಿದ್ದ ಮೇಲ್ಮೈಗೆ ನೀರು ಹಾಯಿಸಿದಾಗ ಅದು 29 ಡಿಗ್ರಿಗೆ ಇಳಿಯಿತು. ಐದೇ ನಿಮಿಷದಲ್ಲಿ 49ಕ್ಕೂ ಇಪ್ಪತ್ತು ನಿಮಿಷದಲ್ಲಿ 73ಕ್ಕೂ ಮರಳಿ ಏರಿತು. ಅದು ಟೈರಿನ ರಬ್ಬರ್ ಕಾಳು ತುಂಬಿದ ಕ್ರೀಡಾ ಮೈದಾನ, ಯೂಟಾದ ಬಿಸಿಲೂ ಬೇರೆ. ನಮ್ಮ ಮನೆಯಂಗಳದ ಅಂಕಿಗಳು ಇದಕ್ಕಿಂತ ಕಡಿಮೆಯಿರಬಹುದು. ಆದರೆ ನೀರು ಚಿಮುಕಿಸಿ ತಂಪು ಮಾಡಿಕೊಳ್ಳಬಹುದೆಂಬ ಸಲಹೆ ಎಷ್ಟು ಹೊತ್ತಿನ ಮಾತೆಂಬುದು ಇದರಿಂದ ತಿಳಿಯುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ತೆರೆದ ಅಂಗಳಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸುವುದನ್ನು ನಾನಂತೂ ಯಾರಿಗೂ ಹೇಳಲಾರೆ. ಮಕ್ಕಳಿಗಾಗಿ ಹಾಸಿದ ಜಾಗದಲ್ಲಿ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಕ್ಕಳೇ ಕಾಲಿಡಲಾರರು.

ಹುಲ್ಲಿಗಿಂತ ತಂಪಾದದ್ದು ಒಂದಿದೆ, ಅದು ಮರದ ನೆರಳು. ಮೂವತ್ತು–ನಲವತ್ತರ ಸೈಟಿನಲ್ಲಿಯೂ ಮೂಲೆಯಲ್ಲೊಂದು ನೆಲ್ಲಿಯೋ ಸೀಬೆಯೋ ಹೊಂಗೆಯೋ ಹಿಡಿಸುತ್ತದೆ. ಅದರ ಕೆಳಗೆ ಹುಲ್ಲು ಸರಿಯಾಗಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಕೆಳಗಿನ ಮಣ್ಣು

ಈಗ ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರಿನ ಆಸುಪಾಸಿನದು. ಅಂದರೆ ಐನೂರು ಚದರ ಅಡಿ ಅಂಗಳದ ಮೇಲೆ ವರ್ಷಕ್ಕೆ ಸುಮಾರು 45,000 ಲೀಟರ್ ನೀರು ಬೀಳುತ್ತದೆ. ಬೇರುಗಳು ಸಡಿಲಿಸಿದ, ಎರೆಹುಳು ಕೊರೆದ ಮಣ್ಣು ಅದರಲ್ಲಿ ಗಣನೀಯ ಪಾಲನ್ನು ಹೀರಿಕೊಳ್ಳುತ್ತದೆ. ಪ್ಲಾಸ್ಟಿಕ್ ಚಾಪೆಯಲ್ಲಿ ತೂತುಗಳಿವೆ, ನೀರು ಇಳಿಯುತ್ತದೆ ಎಂದು ಮಾರುವವರು ಹೇಳುವುದು ಚಾಪೆಯ ಮಟ್ಟಿಗೆ ಸರಿ. ಆದರೆ ಚಾಪೆ ಸಮನಾಗಿ ಕೂರಬೇಕೆಂದು ಅದರ ಕೆಳಗೆ ದಮ್ಮಸ್ಸು ಮಾಡಿದ ಜಲ್ಲಿಪುಡಿಯ ಪದರದಲ್ಲಿ, ಕೆಲವೆಡೆ ನೇರವಾಗಿ ಕಾಂಕ್ರೀಟಿನ ಮೇಲೆ, ಆ ನೀರಿಗೆ ಹೋಗಲು ದಾರಿಯಿರುವುದಿಲ್ಲ. ಅದು ಅಡ್ಡಲಾಗಿ ಹರಿದು ಗೇಟಿನಾಚೆಯ ಚರಂಡಿಗೆ ಸೇರುತ್ತದೆ. 1,200 ಚದರ ಅಡಿಯ ಸೈಟಿನಲ್ಲಿ ಹೊಸ ಮನೆ ಕಟ್ಟಿದವರಿಗೂ ಮಳೆನೀರು ಕೊಯ್ಲು ಕಡ್ಡಾಯವಾಗಿರುವ ಊರಿನಲ್ಲಿ, ಒಂದು ಮೂಲೆಯಲ್ಲಿ ಇಂಗುಗುಂಡಿ ತೋಡಿಸಿ ಉಳಿದ ಅಂಗಳವನ್ನು ತಾವೇ ಮುಚ್ಚಿಹಾಕುವುದು ವಿಚಿತ್ರವಾದ ವ್ಯವಹಾರ.

ಮೂರು ವರ್ಷ ಹಾಸಿದ್ದ ಇಂಥ ಚಾಪೆಯೊಂದರ ಮೂಲೆಯನ್ನು ಎತ್ತಿ ನೋಡುವ ಸಂದರ್ಭ ನನಗೊಮ್ಮೆ ಬಂದಿತ್ತು. ಹಿಂಬದಿಯ ಲ್ಯಾಟೆಕ್ಸ್ ಅಲ್ಲಲ್ಲಿ ಸೀಳಿ ಪುಡಿಯಾಗಿತ್ತು, ಅದರ ಕೆಳಗಿನ ಜಲ್ಲಿಪುಡಿ ಗಾರೆಯಂತೆ ಗಟ್ಟಿಯಾಗಿ ಬೆರಳಿಗೆ ಜಗ್ಗದಂತಿತ್ತು, ಅದನ್ನು ಹಾರೆಯಿಂದ ಎಬ್ಬಿಸಿದಾಗ ಸಿಕ್ಕ ಮಣ್ಣು ಬೂದು ಬಣ್ಣಕ್ಕೆ ತಿರುಗಿ ಮುಗ್ಗುಲು ವಾಸನೆ ಬರುತ್ತಿತ್ತು. ಎರೆಹುಳು ಒಂದೂ ಇರಲಿಲ್ಲ. ಪಕ್ಕದಲ್ಲೇ ಕಾಂಪೌಂಡಿನ ಬುಡದಲ್ಲಿ, ಯಾರೂ ಗಮನಿಸದ ಒಂದು ಅಡಿ ಅಗಲದ ಪಟ್ಟಿಯಲ್ಲಿ ಗರಿಕೆ, ಒಂದೆಲಗ, ಮುಟ್ಟಿದರೆ ಮುನಿ ಹೆಣೆದುಕೊಂಡು ಬೆಳೆದಿದ್ದವು.

ಸಣ್ಣ ಅಂಗಳದಿಂದ ಜೀವವೈವಿಧ್ಯಕ್ಕೆ ಆಗುವುದೇನು ಎಂದು ಕೇಳುವವರಿದ್ದಾರೆ. ಒಪ್ಪವಾಗಿ ಕತ್ತರಿಸಿ, ಕಳೆನಾಶಕ ಹೊಡೆದು, ಒಂದೇ ಜಾತಿಯ ಹುಲ್ಲು ಮಾತ್ರ ಇರುವಂತೆ ನೋಡಿಕೊಂಡ ಲಾನಿನಿಂದಲೂ ಹೆಚ್ಚೇನೂ ಆಗುವುದಿಲ್ಲ ಎಂಬುದನ್ನು ಒಪ್ಪಬೇಕು. ಆದರೆ ಅಂಥ ಲಾನಿನಲ್ಲಿಯೂ ಗೊರವಂಕ ಹುಳು ಹೆಕ್ಕುತ್ತದೆ, ಚಂದ್ರಮುಕುಟ ಕೊಕ್ಕನ್ನು ಮಣ್ಣಿಗಿಳಿಸುತ್ತದೆ. ಔಷಧಿ ನಿಲ್ಲಿಸಿದ ಮರುಮಳೆಗಾಲದಲ್ಲಿ ಅಲ್ಲಿ ಬೇರೆ ಗಿಡಗಳೂ ಬರುತ್ತವೆ. ಪ್ಲಾಸ್ಟಿಕ್ಕಿಗೆ ಆ ದಾರಿ ಇಲ್ಲ. ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2022ರಲ್ಲಿ ಚೆಲ್ಸಿ ಸೇರಿದಂತೆ ತನ್ನ ಪುಷ್ಪ ಪ್ರದರ್ಶನಗಳಲ್ಲಿ ಕೃತಕ ಹುಲ್ಲನ್ನು ಹೊರಗಿಟ್ಟದ್ದಕ್ಕೆ ಮುಖ್ಯ ಕಾರಣವೂ ಇದೇ.

ಉದುರುವುದು, ಉಳಿಯುವುದು

ಬಿಸಿಲಿನ ಅತಿನೇರಳೆ ಕಿರಣ ಎಳೆಗಳನ್ನು ಪೆಡಸಾಗಿಸುತ್ತದೆ, ಕಾಲ್ತುಳಿತಕ್ಕೆ ಅವು ಮುರಿಯುತ್ತವೆ. ಹಳೆಯ ಚಾಪೆಯಿರುವ ಮನೆಯ ಮಳೆನೀರಿನ ಜಾಲರಿಯನ್ನು ಜೋರು ಮಳೆಯ ಮರುದಿನ ನೋಡಿದರೆ, ಎಲೆ ಕಸದ ನಡುವೆ ಅರ್ಧ ಸೆಂಟಿಮೀಟರಿನ ಹಸಿರು ತುಣುಕುಗಳು ಅಂಟಿಕೊಂಡಿರುವುದು ಬರಿಗಣ್ಣಿಗೇ ಕಾಣುತ್ತದೆ. ಜಾಲರಿ ದಾಟಿದವು ರಾಜಕಾಲುವೆಯಲ್ಲಿ ಸಾಗಿ ಬೆಳ್ಳಂದೂರು, ವರ್ತೂರು ಕೆರೆಗಳ ಕಡೆಗೋ, ವೃಷಭಾವತಿಯ ಮೂಲಕ ಅರ್ಕಾವತಿ, ಕಾವೇರಿಗಳ ಕಡೆಗೋ ಹೋಗುತ್ತವೆ. ಸ್ಪೇನಿನ ಬಾರ್ಸಿಲೋನಾ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಕರಾವಳಿಯ ನೀರಿನ ಕೆಲವು ಮಾದರಿಗಳಲ್ಲಿ ಸಿಕ್ಕ ಐದು ಮಿಲಿಮೀಟರಿಗಿಂತ ದೊಡ್ಡ ಪ್ಲಾಸ್ಟಿಕ್ ಚೂರುಗಳ ಪೈಕಿ ಕೃತಕ ಹುಲ್ಲಿನ ಎಳೆಗಳ ಪಾಲು ನೂರಕ್ಕೆ ಹದಿನೈದನ್ನೂ ಮೀರಿತ್ತು. ಐರೋಪ್ಯ ಒಕ್ಕೂಟ ಅದೇ 2023ರಲ್ಲಿ ಮೈದಾನಗಳಿಗೆ ತುಂಬುವ ಪ್ಲಾಸ್ಟಿಕ್ ಹಾಗೂ ರಬ್ಬರ್ ಕಾಳಿನ ಮಾರಾಟವನ್ನು 2031ರಿಂದ ನಿಲ್ಲಿಸುವ ನಿಯಮ ತಂದಿದೆ. ಟೈರಿನ ಕಾಳಿನಿಂದ ಸತುವು ನೀರಿಗಿಳಿಯುವುದು ಬೇರೆಯೇ ಒಂದು ತೊಂದರೆ.

ಚಾಪೆ ಎಂಟು–ಹತ್ತು ವರ್ಷ ಬಾಳಿದರೆ ಬಹಳ. ಚದರ ಮೀಟರಿಗೆ ಎರಡು ಕಿಲೋ ಎಂದು ಹಿಡಿದರೂ ನಮ್ಮ ಅಂಗಳದಿಂದ ತೊಂಬತ್ತು ಕಿಲೋ ಪ್ಲಾಸ್ಟಿಕ್ ಒಮ್ಮೆಲೇ ಹೊರಬೀಳುತ್ತದೆ. ಪಾಲಿಎಥಿಲೀನ್, ಪಾಲಿಪ್ರೊಪಿಲೀನ್, ಲ್ಯಾಟೆಕ್ಸ್ ಮೂರೂ ಹೆಣೆದು ಅಂಟಿಕೊಂಡಿರುವ, ಮಣ್ಣು ತುಂಬಿದ ಈ ವಸ್ತುವನ್ನು ಬೇರ್ಪಡಿಸಿ ಮರುಬಳಕೆ ಮಾಡುವುದು ದುಬಾರಿಯಾದ್ದರಿಂದ ಗುಜರಿಯವರಿಗೆ ಇದರಲ್ಲಿ ಗಿಟ್ಟುವುದಿಲ್ಲ. ಖಾಲಿ ಸೈಟಿನ ಮೂಲೆಯಲ್ಲಿ ಸುರುಳಿ ಸುತ್ತಿ ಬಿದ್ದಿರುವ ಹಳೆಯ ಚಾಪೆಗಳನ್ನು ಈಗಾಗಲೇ ನೋಡುತ್ತಿದ್ದೇವೆ.

ಇಂಗಾಲದ ಲೆಕ್ಕ: ಇಲ್ಲಿ ಪ್ಲಾಸ್ಟಿಕ್ ಸೋಲುವುದಿಲ್ಲ

ಪರಿಸರದ ಹೆಸರಿನಲ್ಲಿ ಪ್ಲಾಸ್ಟಿಕ್ ಹುಲ್ಲನ್ನು ಬಯ್ಯುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ. ಒಂದು ಕಿಲೋ ಪಾಲಿಎಥಿಲೀನ್ ತಯಾರಿಕೆಯಲ್ಲಿ ಸುಮಾರು ಎರಡು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ ಎಂದರೆ, ನಮ್ಮ ತೊಂಬತ್ತು ಕಿಲೋ ಚಾಪೆಯ ಪಾಲು ಇನ್ನೂರು ಕಿಲೋ ಆಸುಪಾಸು; ಸಾಗಣೆ, ಜಲ್ಲಿಪುಡಿ ಸೇರಿದರೆ ಇನ್ನಷ್ಟು. ಇತ್ತ, ಸಾವಿರ ಅಡಿಯ ಕೊಳವೆಬಾವಿಯಿಂದ ಸಾವಿರ ಲೀಟರ್ ನೀರೆತ್ತಲು ಪಂಪಿನ ನಷ್ಟವೂ ಸೇರಿ ಸುಮಾರು ಎರಡು ಯುನಿಟ್ ವಿದ್ಯುತ್ ಬೇಕು. ತಿಂಗಳಿಗೆ ಐದೂವರೆ ಸಾವಿರ ಲೀಟರಿನಂತೆ ವರ್ಷದ ನಾಲ್ಕು ಒಣ ತಿಂಗಳಲ್ಲಿ, ಹತ್ತು ವರ್ಷ ನೀರು ಹಾಯಿಸಿದರೆ, ಯುನಿಟ್ಟಿಗೆ 0.7 ಕಿಲೋ ಇಂಗಾಲದ ಡೈಆಕ್ಸೈಡಿನ ಲೆಕ್ಕದಲ್ಲಿ ಮುನ್ನೂರು ಕಿಲೋ ದಾಟುತ್ತದೆ. ಪೆಟ್ರೋಲ್ ಯಂತ್ರದಿಂದ ಹುಲ್ಲು ಕತ್ತರಿಸಿ, ಯೂರಿಯಾ ಹಾಕುವ ರೂಢಿಯಿದ್ದರೆ ಅದೂ ಸೇರಿಕೊಳ್ಳುತ್ತದೆ. ಇದು ಒರಟು ಲೆಕ್ಕ, ಆದರೆ ದಿಕ್ಕು ಸ್ಪಷ್ಟವಾಗಿದೆ: ಕೊಳವೆಬಾವಿಯ ನೀರಿನಲ್ಲಿ ಸಾಕಿದ ಐಷಾರಾಮಿ ಲಾನಿಗಿಂತ ಪ್ಲಾಸ್ಟಿಕ್ ಹುಲ್ಲಿನ ಇಂಗಾಲದ ಹೊರೆ ಹೆಚ್ಚೇನಲ್ಲ. ಕೈಯಂತ್ರದಲ್ಲಿ ಕತ್ತರಿಸುವ, ಮಳೆಯನ್ನೇ ನಂಬಿದ ಗರಿಕೆ ಮಾತ್ರ ಇವೆರಡನ್ನೂ ಬಹಳ ಹಿಂದೆ ಬಿಡುತ್ತದೆ.

ಯಾವ ಜಾಗಕ್ಕೆ ಯಾವುದು

ಬಾಲ್ಕನಿಗೆ, ಮನೆಯೊಳಗಿನ ಆಟದ ಕೋಣೆಗೆ, ಬಿಸಿಲೇ ಬೀಳದ ಎರಡು ಕಟ್ಟಡಗಳ ನಡುವಿನ ಸಿಮೆಂಟು ಓಣಿಗೆ ಪ್ಲಾಸ್ಟಿಕ್ ಹುಲ್ಲು ಹಾಸಿದರೆ ನನ್ನ ತಕರಾರಿಲ್ಲ. ಅಲ್ಲಿ ಮುಚ್ಚಿಹೋಗುವ ಮಣ್ಣಿಲ್ಲ, ಮುರಿಸುವ ಬಿಸಿಲಿಲ್ಲ, ಅಗತ್ಯವೂ ಚಿಕ್ಕದು. ತಾರಸಿಯ ವಿಷಯಕ್ಕೆ ಬಂದರೆ ಉತ್ತರ ಬದಲಾಗುತ್ತದೆ. ತಾರಸಿಯಲ್ಲಿ ದಿನವಿಡೀ ಬಿಸಿಲಿರುವುದರಿಂದ ಎಳೆಗಳು ಬೇಗ ಹಾಳಾಗುತ್ತವೆ, ಮಳೆಗಾಲದಲ್ಲಿ ಚಾಪೆಯ ಕೆಳಗೆ ತೇವ ನಿಂತು ಪಾಚಿ ಕಟ್ಟುತ್ತದೆ, ಸೋರಿಕೆ ಎಲ್ಲಿಂದ ಎಂದು ಹುಡುಕುವುದೂ ಕಷ್ಟವಾಗುತ್ತದೆ. ಮನೆ ತಂಪಾಗಬೇಕೆಂದರೆ ಬಿಸಿಲನ್ನು ಹಿಂದಕ್ಕೆಸೆಯುವ ಬಿಳಿ ಬಣ್ಣ ಬಳಿಸುವುದು ಅಗ್ಗವೂ ಪರಿಣಾಮಕಾರಿಯೂ ಆದ ಮಾರ್ಗ.

ಮಣ್ಣೂ ದಿನಕ್ಕೆ ಆರು ಗಂಟೆಯ ಬಿಸಿಲೂ ಇರುವ ಅಂಗಳಕ್ಕೆ ಗರಿಕೆ. ಅರೆನೆರಳಿನ, ಸ್ವಲ್ಪ ತೇವವಿರುವ ಜಾಗಕ್ಕೆ ಒಂದೆಲಗ ಹಬ್ಬಿಸಬಹುದು, ಚಟ್ನಿಗೂ ಆಗುತ್ತದೆ. ಬಿಸಿಲಿನ ತೇವದ ಜಾಗದಲ್ಲಿ ನೆಲಹಿಪ್ಪಲಿ ನೆಲಕ್ಕಂಟಿಕೊಂಡು ಬೆಳೆದು ಚಿಟ್ಟೆಗಳನ್ನು ಕರೆಯುತ್ತದೆ. ನರ್ಸರಿಯವರು ಹಳದಿ ಹೂವಿನ ವೆಡೀಲಿಯಾ ಕೊಟ್ಟರೆ ಬೇಡವೆನ್ನಿ. ಅದು ಕಾಂಪೌಂಡು ದಾಟಿ ಹಬ್ಬುವ ವಿದೇಶಿ ಕಳೆ. ವಾಹನ ನಿಲ್ಲಿಸುವ, ಓಡಾಟ ಹೆಚ್ಚಿರುವ ಕಡೆ ಕಲ್ಲು ಚಪ್ಪಡಿಗಳನ್ನು ಮೂರು–ನಾಲ್ಕು ಬೆರಳು ಸಂದು ಬಿಟ್ಟು ಹಾಸಿ, ಸಂದಿಗೆ ಗರಿಕೆ ಹಚ್ಚಿದರೆ ಸಾಕು. ಕರಾವಳಿಯಲ್ಲಿ ಮಳೆಯೇ ಹುಲ್ಲನ್ನು ಸಾಕುವುದರಿಂದ ಈ ಚರ್ಚೆಯೇ ಅನಗತ್ಯ. ಅಲ್ಲಿ ಪ್ಲಾಸ್ಟಿಕ್ ಚಾಪೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಜಾರುವ ಪಾಚಿಯ ಹಾಸಿಗೆಯಾಗುತ್ತದೆ. ಮೆಕ್ಸಿಕನ್ ಲಾನನ್ನು ನಾನು ಸೂಚಿಸುವುದು ಸಂಸ್ಕರಿಸಿದ ನೀರು ಕೈಯಲ್ಲಿರುವವರಿಗೆ ಮಾತ್ರ. ಇನ್ನು ದಿನಕ್ಕೆ ಹತ್ತು ತಂಡ ಆಡುವ ಬಾಡಿಗೆಯ ಟರ್ಫ್ ಮೈದಾನಗಳಲ್ಲಿ ಯಾವ ಜೀವಂತ ಹುಲ್ಲೂ ಉಳಿಯದು. ಅಲ್ಲಿ ಕೇಳಬೇಕಾದದ್ದು ರಬ್ಬರ್ ಕಾಳಿನ ಬದಲು ಮರಳು ಅಥವಾ ತೆಂಗಿನ ನಾರು ತುಂಬಿದ್ದಾರೆಯೇ ಎಂಬುದನ್ನು.

ಎಲ್ಲವನ್ನೂ ತೂಗಿ ಪ್ಲಾಸ್ಟಿಕ್ಕನ್ನೇ ಆರಿಸುವವರು ಬೆಲೆಗಿಂತ ಮೊದಲು ಬಿಸಿಲಿಗೆ ಎಷ್ಟು ವರ್ಷದ ಲಿಖಿತ ಖಾತರಿಯಿದೆ, ಹಳೆಯ ಚಾಪೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ ಎಂದು ವಿಚಾರಿಸಬೇಕು. ಮರದ ಬುಡದಿಂದ ಕನಿಷ್ಠ ಒಂದು ಮೀಟರ್ ದೂರ ಬಿಟ್ಟು ಹಾಸಿಸಬೇಕು. ನೀರು ಹೊರಹೋಗುವ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ, ಅದರಲ್ಲಿ ಸಿಕ್ಕ ಎಳೆಗಳನ್ನು ಒಣ ಕಸಕ್ಕೆ ಸೇರಿಸಬೇಕು.

ಗರಿಕೆ ಹಚ್ಚುವವರು ಜೂನ್ ಮಳೆ ಹಿಡಿದ ಮೇಲೆ ಆರಂಭಿಸುವುದು ಒಳ್ಳೆಯದು. ಕಟ್ಟಡದ ಸಿಮೆಂಟು ಚೂರು, ಜಲ್ಲಿಗಳನ್ನು ಆರಿಸಿ ತೆಗೆದು, ಮಣ್ಣನ್ನು ಒಂದು ಗೇಣು ಆಳಕ್ಕೆ ಅಗೆದು, ಕೊಟ್ಟಿಗೆ ಗೊಬ್ಬರ ಬೆರೆಸಿ, ಎರಡು–ಮೂರು ಗಿಣ್ಣುಗಳುಳ್ಳ ಗರಿಕೆಯ ತುಂಡುಗಳನ್ನು ಅರ್ಧ ಅಡಿ ಅಂತರದಲ್ಲಿ ಊರಬೇಕು. ತುಂಡುಗಳನ್ನು ಕೊಳ್ಳಬೇಕಾಗಿಲ್ಲ, ಪಕ್ಕದ ಖಾಲಿ ಸೈಟಿನಲ್ಲಿ ಸಿಗುತ್ತವೆ. ಮಳೆ ತಪ್ಪಿದ ದಿನ ಮಾತ್ರ ನೀರು ಚಿಮುಕಿಸಿ, ಮೊದಲ ಎರಡು ತಿಂಗಳು ಪಾರ್ಥೇನಿಯಂ ಗಿಡಗಳನ್ನು ಹೂ ಬಿಡುವ ಮುನ್ನವೇ ಕಿತ್ತು ಹಾಕುತ್ತಿದ್ದರೆ, ದಸರಾ ಹೊತ್ತಿಗೆ ನೆಲ ಮುಚ್ಚಿಕೊಳ್ಳುತ್ತದೆ.